ಡ್ಯಾಶ್‌ಬೋರ್ಡಿನ ಹಳೇ ಚೀಲ

ಬಳ್ಳಾರಿಯಲ್ಲಿ ಹಳೇ ಕಾರು ಇಟ್ಟುಕೊಂಡವರು, ಅವನ್ನು ರಿಪೇರಿ ಮಾಡುವವರು ಒಂದು ಸಂಜೆ ಸೇರಿದ್ದಾಗ ಆಡಿದ ಮಾತುಗಳಿವು. ಅವತ್ತು ಮೇಜಿನ ಮೇಲೆ ಹಳೇ ಗಾಡಿಗಳ ಕಾಗದಪತ್ರಗಳಿದ್ದವು, ಒಂದೊಂದನ್ನೇ ಎತ್ತಿ ತೋರಿಸುತ್ತಾ ಮಾತಾಡಿದ್ದೆ. ಬರಹದಲ್ಲಿ ಆ ಅನುಕೂಲ ಇಲ್ಲ, ಹಾಗಾಗಿ ತೋರಿಸಿದ್ದನ್ನು ಇಲ್ಲಿ ಕೊಂಚ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹೊರಗೆ ಸಾಲಾಗಿ ನಿಂತಿರುವ ನಿಮ್ಮ ಗಾಡಿಗಳನ್ನು ಕಣ್ತುಂಬ ನೋಡಿಕೊಂಡೇ ಒಳಗೆ ಬಂದೆ. ಅಂಬಾಸಿಡರ್ ಇದೆ, ಫಿಯೆಟ್ ಇದೆ, ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ವಿಲ್ಲಿಸ್ ಜೀಪ್ ಇದೆ. ಬಂಪರಿನ ಕ್ರೋಮ್ ನೋಡಿದರೆ ಮುಖ ಕಾಣಬೇಕು, ಹಾಗೆ ಮಾಡಿಸಿದ್ದೀರಿ. ಬಂದವರನ್ನೆಲ್ಲ ಒಂದೇ ಮಾತು ಕೇಳಿದೆ: ಗಾಡಿ ಜೊತೆಗೆ ಬಂದ ಪುಸ್ತಕ ಎಲ್ಲಿ? ಒಬ್ಬರು "ಮನ್ಯಾಗ ಎಲ್ಲೋ ಐತ್ರಿ" ಅಂದರು. ಇನ್ನೊಬ್ಬರು "ಡಿಕ್ಕಿಯೊಳಗೆ ಇತ್ತು, ಇಲಿ ತಿಂತು" ಅಂದರು. ಮೂರನೆಯವರು ಹೇಳಿದ್ದು ಕೇಳಿ ನನಗೆ ಬಹಳ ನೋವಾಯಿತು. ಪೇಂಟ್ ಮಾಡಿಸುವಾಗ ಡ್ಯಾಶ್‌ಬೋರ್ಡ್ ಖಾಲಿ ಮಾಡಿ, ಅದರೊಳಗಿದ್ದದ್ದನ್ನೆಲ್ಲ ರದ್ದಿಗೆ ಹಾಕಿದರಂತೆ.

ನಾನು ಮೆಕ್ಯಾನಿಕ್ ಅಲ್ಲ, ಬೈಂಡಿಂಗ್ ಕೆಲಸದವನು. ಖಾತೆ ಪುಸ್ತಕ, ಜಮಾಖರ್ಚಿನ ವಹಿ, ವಕೀಲರ ಫೈಲು ಹೊಲಿದು ಹೊಲಿದು ಕೈ ಬೆಳೆದಿದೆ. ಕಾರಿನ ಕಾಗದ ನನ್ನ ಕೈಗೆ ಮೊದಲು ಬಂದದ್ದು ರಾಯಚೂರಿನಿಂದ. ಹತ್ತಿ ವ್ಯಾಪಾರದ ಮನೆತನದವರೊಬ್ಬರು ಅಜ್ಜನ ಕಾಲದ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್ ಇಟ್ಟುಕೊಂಡಿದ್ದರು. ಅದರ ಕಾಗದಗಳನ್ನು ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ತಂದರು. "ಇದನ್ನ ಒಂದು ಪುಸ್ತಕ ಮಾಡಿ ಕೊಡ್ರಿ" ಅಂದರು. ಬಿಚ್ಚಿ ನೋಡಿದರೆ ಮಾಲೀಕರ ಕೈಪಿಡಿ, ಆರ್‌ಸಿ ಪುಸ್ತಕ, ಕೊಂಡ ಬಿಲ್ಲು, ಎಣ್ಣೆ ಬದಲಿಸಿದ ಲೆಕ್ಕದ ಚೀಟಿಗಳು, ಬೀಗದ ಕೈಯ ನಂಬರ್ ಇದ್ದ ತಗಡಿನ ಬಿಲ್ಲೆ. ಕೈಪಿಡಿಯ ಒಂದು ಪುಟದ ಮೂಲೆಯಲ್ಲಿ ಹೆಬ್ಬೆಟ್ಟಿನ ಎಣ್ಣೆ ಗುರುತು ಇತ್ತು. ಅವರು ಅದನ್ನು ತೋರಿಸಿ "ಈ ಕಲೆ ತೆಗೀಲಿಕ್ಕೆ ಆಗತದೇನ್ರಿ" ಅಂದರು. ಅದು ಗೇರ್ ಬಾಕ್ಸಿಗೆ ಎಣ್ಣೆ ಹಾಕುವ ಪುಟ. ಎಣ್ಣೆ ಹಾಕುತ್ತಲೇ ಯಾರೋ ಆ ಪುಟ ತಿರುವಿ ನೋಡಿದ್ದಾರೆ. ಅವರ ಅಜ್ಜನೋ, ಅಜ್ಜನ ಡ್ರೈವರೋ. ಆ ಕಲೆ ತೆಗೆಯಲು ನಾನು ಒಪ್ಪಲಿಲ್ಲ. ಇಂದು ಇಲ್ಲಿ ಹೇಳಬೇಕೆಂದಿರುವುದೂ ಅದೇ ಮಾತು. ಗಾಡಿಯನ್ನು ಹೊಸದು ಮಾಡಿ, ನನಗೇನೂ ತಕರಾರಿಲ್ಲ. ಕಾಗದವನ್ನು ಮಾತ್ರ ಹೊಸದು ಮಾಡಬೇಡಿ, ಉಳಿಸಿಕೊಳ್ಳಿ.

ಮೊದಲು ಗುರುತು ಹಿಡಿಯುವ ವಿಷಯ. ಸಂತೆಯಲ್ಲಿ, ಗುಜರಿಯಲ್ಲಿ, ಫೋನಿನಲ್ಲಿ ಈಗ ಹಳೇ ಕೈಪಿಡಿಗಳು ಮಾರಾಟಕ್ಕೆ ಸಿಗುತ್ತವೆ. "ಅಂಬಾಸಿಡರ್ ಮ್ಯಾನ್ಯುಯಲ್, ಒರಿಜಿನಲ್" ಅಂತ ಹೇಳಿ ಕೊಡುತ್ತಾರೆ. ಒರಿಜಿನಲ್ ಇರಬಹುದು, ಆದರೆ ಅದು ನಿಮ್ಮ ಗಾಡಿಯದ್ದೇ? ಅಂಬಾಸಿಡರ್ ಶುರುವಾದಾಗ ಅದರೊಳಗಿದ್ದದ್ದು ಲ್ಯಾಂಡ್‌ಮಾಸ್ಟರಿನ 1476 ಸಿಸಿ ಸೈಡ್ ವಾಲ್ವ್ ಎಂಜಿನ್, ಅಂದರೆ ವಾಲ್ವುಗಳು ಬ್ಲಾಕಿನ ಪಕ್ಕದಲ್ಲಿರುವಂಥದ್ದು. 1959ರಲ್ಲಿ 1489 ಸಿಸಿ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು, ಅದರಲ್ಲಿ ವಾಲ್ವುಗಳು ಎಂಜಿನ್ನಿನ ತಲೆಯಲ್ಲಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಗಾಡಿ. ಕೈಪಿಡಿಯಲ್ಲಿ ಟ್ಯಾಪೆಟ್ ಹೊಂದಿಸುವ, ಅಂದರೆ ವಾಲ್ವಿನ ಸಂದು ಸರಿಮಾಡುವ ಪುಟ ತೆರೆಯಿರಿ. ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್, ಬಿಚ್ಚಿದ ಚಿತ್ರ ಇದ್ದರೆ ಹೊಸ ಎಂಜಿನ್ನಿನದು, ಬ್ಲಾಕಿನ ಪಕ್ಕದಿಂದ ಕೆಲಸ ಮಾಡುವ ಚಿತ್ರ ಇದ್ದರೆ ಹಳೆಯದು. ಫಿಯೆಟ್‌ನವರಿಗೆ ಹೆಸರೇ ಗುರುತು. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯವರು 1970ರ ದಶಕದಲ್ಲಿ ಫಿಯೆಟ್ ಅನ್ನುವ ಹೆಸರು ಬಿಟ್ಟು ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಅಂತ ಕರೆದರು. 1966ರ ಫಿಯೆಟ್ ಡಿಲೈಟ್ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಪದ್ಮಿನಿ ಅಂತ ಅಚ್ಚಾದ ಪುಸ್ತಕ ಇದ್ದರೆ ಅದು ಬೇರೆ ಮನೆಯಿಂದ ಬಂದದ್ದು.

ಇಸವಿ ಹಾಕದ ಕಾಗದಗಳೇ ಜಾಸ್ತಿ. ಆದರೆ ಕಾಗದ ತನ್ನ ವಯಸ್ಸನ್ನು ಬೇರೆ ದಾರಿಯಲ್ಲಿ ಹೇಳುತ್ತದೆ. ಲೆಕ್ಕ ಆಣೆಯಲ್ಲಿದೆಯೋ ನಯೇ ಪೈಸೆಯಲ್ಲಿದೆಯೋ ನೋಡಿ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು, 1964ರ ಜೂನ್‌ನಲ್ಲಿ "ನಯೇ" ಬಿದ್ದುಹೋಗಿ ಬರೀ ಪೈಸೆ ಆಯಿತು. ಹಾಗಾಗಿ ನಯೇ ಪೈಸೆ ಅಂತ ಅಚ್ಚಾಗಿದ್ದರೆ ಸರಿಸುಮಾರು ಆ 7 ವರ್ಷದೊಳಗಿನದು. ಗ್ಯಾಲನ್, ಮೈಲು ಮಾತ್ರ ಇದ್ದರೆ ಹಳೆಯದು, ಲೀಟರ್, ಕಿಲೋಮೀಟರ್ ಬಂದಿದ್ದರೆ ಆಮೇಲಿನದು. ಡೀಲರ್ ವಿಳಾಸದ ಕೊನೆಯಲ್ಲಿ 6 ಅಂಕಿಯ ಪಿನ್‌ಕೋಡ್ ಇದ್ದರೆ ಆ ಕಾಗದ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಮುದ್ರೆಯಲ್ಲಿ ಮೈಸೂರು ರಾಜ್ಯ ಅಂತ ಇದೆಯೋ ಕರ್ನಾಟಕ ಅಂತ ಇದೆಯೋ? 1973ರ ನವೆಂಬರ್ 1 ಅದರ ಗಡಿ.

ನಮ್ಮ ಭಾಗದವರಿಗೆ ಇನ್ನೊಂದು ವಿಶೇಷ ಇದೆ, ಬೆಂಗಳೂರು ಮೈಸೂರಿನ ಹಳೇ ಕಾರಿನವರಿಗೆ ಇದು ಇಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದಿನಲ್ಲಿದ್ದವು. ಕಂಪ್ಲಿಯ ಹತ್ತಿರ ಹೊಳೆ ದಾಟಿ ಗಂಗಾವತಿ ಕಡೆ ಹೋದರೆ ಸರ್ಕಾರವೇ ಬೇರೆ, ಕಚೇರಿಯ ಭಾಷೆಯೂ ಬೇರೆ, ಒಂದು ಕಾಲಕ್ಕೆ ರೂಪಾಯಿಯೂ ಬೇರೆ. ಹಾಗಾಗಿ ಬಳ್ಳಾರಿಯ ಹಳೇ ಗಾಡಿಯ ಕಾಗದದಲ್ಲಿ ಮದ್ರಾಸ್ ಮುದ್ರೆ, ರಾಯಚೂರಿನ ಗಾಡಿಯ ಕಾಗದದಲ್ಲಿ ಉರ್ದು ಕೈಬರಹ. ರಾಯಚೂರಿನ ಕಡೆಯ ಹಳೇ ಬಿಲ್ಲುಗಳಲ್ಲಿ ಮೊತ್ತದ ಮುಂದೆ ಓ.ಎಸ್. ಅಂತಲೋ ಐ.ಜಿ. ಅಂತಲೋ ಇರುತ್ತದೆ. ಓ.ಎಸ್. ಅಂದರೆ ಉಸ್ಮಾನಿಯಾ ಸಿಕ್ಕಾ, ಹೈದರಾಬಾದ್ ನಿಜಾಮರ ರೂಪಾಯಿ, ನಮ್ಮ ಹಿರಿಯರ ಬಾಯಲ್ಲಿ ಹಾಲಿ. ಐ.ಜಿ. ಅಂದರೆ ಭಾರತ ಸರ್ಕಾರದ ರೂಪಾಯಿ, ಅದು ಕಲ್ದಾರ್. 7 ಹಾಲಿಗೆ 6 ಕಲ್ದಾರ್. ಈ ಲೆಕ್ಕ ಗೊತ್ತಿಲ್ಲದವರು ಬಿಲ್ಲು ನೋಡಿ ಬೆಲೆ ತಪ್ಪಾಗಿದೆ ಅಂದುಕೊಳ್ಳುತ್ತಾರೆ. ತಾರೀಖು 1356, 1357 ಅಂತ ಇದ್ದರೂ ಗಾಬರಿ ಬೀಳಬೇಡಿ. ಅದು ಫಸಲಿ, ಹೈದರಾಬಾದ್ ಸರ್ಕಾರ ಬಳಸುತ್ತಿದ್ದ ವರ್ಷದ ಲೆಕ್ಕ. 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ. ಉರ್ದು ಓದಲು ಬರುವ ಹಿರಿಯರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಆ ಲ್ಯಾಂಡ್‌ಮಾಸ್ಟರ್ ಗಂಟಿನಲ್ಲಿದ್ದ ಚೀಟಿಗಳನ್ನು ನನಗೆ ಓದಿ ಹೇಳಿದ್ದು ಕೌಲ್ ಬಜಾರಿನ ಒಬ್ಬ ಅಜ್ಜ. ಅವರು ಒಂದು ಚೀಟಿ ಓದಿ ಸುಮ್ಮನಾದರು, ಆಮೇಲೆ "ಟೈರು ಸಿಗದೆ ಗಾಡಿ 2 ತಿಂಗಳು ನಿಂತಿತ್ತಂತೆ" ಅಂದರು. ಆ ಮನೆತನದ ಯಾರಿಗೂ ಆ ಸಂಗತಿ ಗೊತ್ತಿರಲಿಲ್ಲ.

ನಕಲಿ ಬಗ್ಗೆಯೂ ಹೇಳಲೇಬೇಕು. ನನ್ನ ಸ್ನೇಹಿತರೊಬ್ಬರು ಒಂದು ಫಿಯೆಟ್ ಕೊಂಡರು, ಜೊತೆಗೆ 1968ರ ಕೊಂಡ ಬಿಲ್ಲು ಅಂತ ಒಂದು ಕಾಗದಕ್ಕೆ ಒಳ್ಳೇ ದುಡ್ಡು ಕೊಟ್ಟರು. ಕಾಗದ ಹಳದಿಯಾಗಿತ್ತು, ಮಡಿಕೆ ಬಿದ್ದಿತ್ತು, ನೋಡಲು ಹಳೆಯದೇ. ಮೊತ್ತದ ಹಿಂದೆ ನಮ್ಮ ಈಗಿನ ರೂಪಾಯಿ ಚಿಹ್ನೆ ಇತ್ತು. ಆ ಚಿಹ್ನೆ ಬಂದದ್ದು 2010ರ ಜುಲೈನಲ್ಲಿ! ಚಹಾದ ನೀರಿನಲ್ಲಿ ಅದ್ದಿ ಹಳದಿ ಮಾಡಿದ್ದರು. ಮಾರಿದವರ ಹೆಸರು ಇಲ್ಲಿ ಬೇಡ. ಆದರೆ ನೀವು ಮೋಸ ಹೋಗಬಾರದು. ಭೂತಗನ್ನಡಿ ಹಿಡಿದು ಅಕ್ಷರ ನೋಡಿ. ಹಳೇ ಅಚ್ಚುಮೊಳೆಯ ಮುದ್ರಣವಾದರೆ ಅಕ್ಷರದ ಅಂಚಿನಲ್ಲಿ ಮಸಿ ಒತ್ತಿ ಗಟ್ಟಿಯಾಗಿರುತ್ತದೆ, ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರದ ಉಬ್ಬು ತಾಕುತ್ತದೆ. ಲೇಸರ್ ಪ್ರಿಂಟ್ ಆದರೆ ಅಕ್ಷರ ಹಾಳೆಯ ಮೇಲೆ ಕೂತಂತೆ ಹೊಳೆಯುತ್ತದೆ. ನೋಟು ಪರೀಕ್ಷಿಸುವ ನೀಲಿ ದೀಪ ಇದ್ದರೆ ಅದರಡಿ ಹಿಡಿಯಿರಿ. ಈಗಿನ ಬಿಳಿ ಕಾಗದದಲ್ಲಿ ಹೊಳಪಿನ ರಾಸಾಯನಿಕ ಇರುವುದರಿಂದ ಅದು ನೀಲಿಯಾಗಿ ಝಗ್ಗನೆ ಹೊಳೆಯುತ್ತದೆ. ಆ ರಾಸಾಯನಿಕ ಕಾಗದಕ್ಕೆ ಸೇರತೊಡಗಿದ್ದೇ 1950ರ ಆಸುಪಾಸು. 1940ರ ಕಾಗದ ಅಂತ ಹೇಳಿ ಕೊಟ್ಟದ್ದು ಹಾಗೆ ಹೊಳೆದರೆ ಅಲ್ಲಿಗೆ ಮಾತು ಮುಗಿಯಿತು.

ಈಗ ಕೆಲಸಕ್ಕೆ ಬರೋಣ. ಕಾಗದ ಕೈಗೆ ಬಂದ ತಕ್ಷಣ ಅದನ್ನು ಒರೆಸಬೇಡಿ. ಇದು ಬಳ್ಳಾರಿ. ಸಂಡೂರು, ತೋರಣಗಲ್ಲಿನ ಕಡೆ ಓಡಾಡಿದ ಯಾವ ಗಾಡಿಯಾದರೂ ಅದರ ಡ್ಯಾಶ್‌ಬೋರ್ಡಿನೊಳಗೆ ಅದಿರಿನ ಕೆಂಪು ಧೂಳು ಇದ್ದೇ ಇರುತ್ತದೆ. ಒಣಗಿದ್ದಾಗ ಅದು ಧೂಳು, ಮೆತ್ತನೆ ಕುಂಚದಿಂದ ಒಂದೇ ದಿಕ್ಕಿಗೆ ಝಾಡಿಸಿದರೆ ಹೋಗುತ್ತದೆ. ಒದ್ದೆ ಬಟ್ಟೆ ಇಟ್ಟಿರೋ, ಅದು ಬಣ್ಣವಾಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಕಬ್ಬಿಣದ ಕೆಂಪನ್ನು ಆಮೇಲೆ ತೆಗೆಯುವವರು ಯಾರೂ ಇಲ್ಲ. ನಾನು ಕ್ಷೌರದ ಹೊಸ ಬ್ರಶ್ ಇಟ್ಟುಕೊಂಡಿದ್ದೇನೆ, ಅದಕ್ಕಿಂತ ಮೆತ್ತಗಿನದು ಸಿಕ್ಕಿಲ್ಲ.

ಒದ್ದೆ ಮಾಡಬಾರದು ಅನ್ನಲು ಇನ್ನೂ ದೊಡ್ಡ ಕಾರಣ ಇದೆ. ಆರ್‌ಸಿ ಪುಸ್ತಕ, ಸರ್ವಿಸ್ ಕೂಪನ್ ಇವುಗಳ ಮೇಲಿನ ಮುದ್ರೆ, ಸಹಿಗಳು ಬಹುಪಾಲು ನೀರಿಗೆ ಕರಗುವ ಮಸಿಯವು. ಅದಕ್ಕಿಂತ ಮೋಸದ್ದು ಆ ಕಾಲದ ಕಚೇರಿಗಳ ಕಾಪಿಯಿಂಗ್ ಪೆನ್ಸಿಲ್. ನೋಡಲು ಸೀಸದ ಪೆನ್ಸಿಲ್ ಬರಹದಂತೆ ಬೂದು. ಒಂದು ಹನಿ ನೀರು ಬಿದ್ದರೆ ಅದು ಕಡು ನೇರಳೆಯಾಗಿ ಹರಡುತ್ತದೆ. ಒಮ್ಮೆ ಒಂದು ಜೀಪಿನ ಪುಸ್ತಕದಲ್ಲಿ ನನ್ನ ಕೈಯಿಂದಲೇ ಹಾಗಾಯಿತು. ಮಡಿಕೆ ಬಿಡಿಸಲೆಂದು ಬೆರಳ ತುದಿ ಒದ್ದೆ ಮಾಡಿದ್ದೆ, ಅಷ್ಟೇ. ಹಿಂದಿನ ಮಾಲೀಕರ ಹೆಸರಿನ ಅರ್ಧ ಅಕ್ಷರಗಳು ಕಣ್ಣ ಮುಂದೆ ನೇರಳೆಯಾಗಿ ಒಂದರೊಳಗೊಂದು ಸೇರಿಹೋದವು. ಅದನ್ನು ತಂದವರ ಮುಂದೆ ತಪ್ಪು ಒಪ್ಪಿಕೊಂಡೆ. ಆ ಪುಟ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಇನ್ನು ಸೆಲೋಟೇಪು. ಹರಿದದ್ದಕ್ಕೆ ಟೇಪು ಹಚ್ಚುವುದು ಪ್ರೀತಿಯಿಂದಲೇ, ಆದರೆ ಆ ಅಂಟು ವರ್ಷ ಕಳೆದಂತೆ ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಪಟ್ಟಿ ತಾನಾಗಿ ಉದುರುತ್ತದೆ, ಕಂದು ಪಟ್ಟೆ ಉಳಿಯುತ್ತದೆ. ಉದುರದಿದ್ದರೆ ಕೂದಲು ಒಣಗಿಸುವ ಯಂತ್ರದ ಸಣ್ಣ ಬಿಸಿ ತೋರಿಸಿ, ತೆಳು ಚಾಕುವಿನ ಮೊಂಡು ತುದಿಯಿಂದ ನಿಧಾನವಾಗಿ ಎಬ್ಬಿಸಬೇಕು. ಪೆಟ್ರೋಲ್, ಥಿನ್ನರ್ ಹಚ್ಚಿ ಉಜ್ಜಿದರೆ ಅಂಟಿನ ಜೊತೆ ಅಕ್ಷರವೂ ಹೋಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಯಲ್ಲಿ ಪ್ಲಾಸ್ಟಿಕ್ ಕರಗಿ ಕಾಗದದ ಜೊತೆ ಒಂದಾಗುತ್ತದೆ, ಅದನ್ನು ಹಿಂದಕ್ಕೆ ತರುವ ದಾರಿ ಇಲ್ಲ. ಆರ್‌ಸಿ ಲ್ಯಾಮಿನೇಟ್ ಮಾಡಿಸಿಕೊಂಡು ಬಂದು "ಈಗ ಭದ್ರ ಆಯ್ತಲ್ರಿ" ಅಂದವರ ಮುಖ ನೋಡಿ ಏನು ಹೇಳುವುದು ತಿಳಿಯದೆ ನಿಂತಿದ್ದೇನೆ.

ಹಾಗಾದರೆ ಹರಿದದ್ದಕ್ಕೆ ಏನು ಹಚ್ಚಬೇಕು? ಜಪಾನಿ ಟಿಶ್ಯೂ ಅಂತ ಒಂದು ಕಾಗದ ಸಿಗುತ್ತದೆ. ಉದ್ದ ನಾರಿನದು, ಈರುಳ್ಳಿ ಪೊರೆಯಷ್ಟು ತೆಳು. ಅದನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಬೇಕು, ಆಗ ಅಂಚಿನಲ್ಲಿ ನಾರು ಕೂದಲಿನಂತೆ ಚಾಚಿಕೊಂಡಿರುತ್ತದೆ, ಅದೇ ಹಿಡಿತ. ಅಂಟು ಗೋಧಿ ಪಿಷ್ಟದ್ದು. ನಮ್ಮ ಕಡೆ ಬೈಂಡಿಂಗಿನವರು ಮೈದಾ ಕಾಯಿಸಿ, ಹುಳ ಬೀಳಬಾರದೆಂದು ಮೈಲುತುತ್ತ ಬೆರೆಸುತ್ತೇವೆ. ಖಾತೆ ಪುಸ್ತಕಕ್ಕೆ ನಡೆಯುತ್ತದೆ. ಹಳೇ ಕಾಗದಕ್ಕೆ ಬೇಡ, ಏಕೆಂದರೆ ಮೈಲುತುತ್ತದ ತಾಮ್ರ ಕಾಗದವನ್ನು ಬೇಗ ಮುಪ್ಪು ಮಾಡುತ್ತದೆ, ಮೈದಾದ ಜಿಗುಟು ಒಣಗಿದ ಮೇಲೆ ಬಿರುಸಾಗುತ್ತದೆ. ಬೇಕಾದದ್ದು ಜಿಗುಟು ತೆಗೆದ ಬರೀ ಪಿಷ್ಟ. ಅದನ್ನು ತಯಾರಿಸುವುದು ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕುರಡಿಗೆ, ಅಂದರೆ ಗೋಧಿ ಹಾಲಿನ ಸಂಡಿಗೆ, ಮಾಡಲು ಗೋಧಿ ನೆನೆಹಾಕಿ, ರುಬ್ಬಿ, ಹಿಂಡಿ ಗೋಧಿ ಹಾಲು ತೆಗೆಯುತ್ತಾರಲ್ಲ, ತಳದಲ್ಲಿ ಬೆಳ್ಳಗೆ ಕೂರುವುದೇ ಅದು. ಮೇಲಿನ ನೀರು ಬಸಿದು, ಒಣಗಿಸಿ ಪುಡಿ ಮಾಡಿಟ್ಟುಕೊಂಡರೆ ವರ್ಷಕ್ಕೆ ಸಾಕು. ಒಂದು ಚಮಚ ಪುಡಿಗೆ ನಾಲ್ಕೈದು ಚಮಚ ನೀರು, ಸಣ್ಣ ಉರಿಯಲ್ಲಿ ಬಿಡದೆ ತಿರುವಿ, ಪಾರದರ್ಶಕವಾದ ಮೇಲೆ ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ನನ್ನ ಹೆಂಡತಿ ಕುರಡಿಗೆ ಮಾಡುವ ದಿನ ನನಗೊಂದು ಬಟ್ಟಲು ತೆಗೆದಿಡುತ್ತಾಳೆ. ಈ ಅಂಟಿನ ದೊಡ್ಡ ಗುಣ ಏನೆಂದರೆ, ನಾಳೆ ನನಗಿಂತ ಬಲ್ಲವರು ಬಂದು ಇದನ್ನು ಬಿಚ್ಚಬೇಕೆಂದರೆ ಕೊಂಚ ತೇವ ತೋರಿಸಿದರೆ ಸಾಕು, ಬಿಡುತ್ತದೆ. ಅಂಚು ಹರಿದ ಕಡೆ, ಬರಹ ಇಲ್ಲದ ಜಾಗದಲ್ಲಿ, ಆದಷ್ಟು ಒಣಗಿದಂತಿರುವ ಅಂಟಿನಿಂದ ಹಚ್ಚಿ, ಮೇಲೆ ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಇಟ್ಟು ಭಾರ ಹೇರಿ.

ಪಿನ್ನುಗಳನ್ನು ತೆಗೆದುಬಿಡಿ. ತುಕ್ಕು ಹಿಡಿದ ಸ್ಟೇಪಲ್ ಸುತ್ತ ಕಾಗದ ಸುಟ್ಟಂತೆ ಆಗಿರುತ್ತದೆ. ಅದೇ ತೂತಿನಲ್ಲಿ ಹತ್ತಿಯ ದಾರ ಪೋಣಿಸಿ ಹೊಲಿಯಿರಿ, ಹೊಸ ತೂತು ಬೇಡ. ಹುಳ ಇದೆ ಅನ್ನಿಸಿದರೆ ಪುಡಿ ಚೆಲ್ಲಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನಲ್ಲಿ 2 ವಾರ ಇಡಿಸಿ. ಹೊರಗೆ ತಂದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಬೆವರುತ್ತದೆ.

ಈಗ ಚೀಲ. ಮಾತಿಗೆ ಆ ಹೆಸರಿಟ್ಟು ಕೊನೆಗೆ ಬಂದೆ. ಕಾಗದ ಇಟ್ಟುಕೊಟ್ಟ ಪ್ಲಾಸ್ಟಿಕ್ ಚೀಲ, ರೆಕ್ಸಿನ್ ಮಡಿಕೆ, ಪಾನಾ ಸುತ್ತಿಟ್ಟ ಕ್ಯಾನ್ವಾಸ್ ಇವೂ ಗಾಡಿಯ ಕಾಗದಪತ್ರದ ಬಳಗವೇ. ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಕೈ ಇಡಲಾಗದು. ಆ ಸೆಕೆಗೆ ಪಿವಿಸಿ ಚೀಲದೊಳಗಿನ ಮೆತುಗಾರಿಕೆಯ ಎಣ್ಣೆ ಹೊರಗೆ ಜಿನುಗಿ, ಕಾಗದದ ಅಕ್ಷರವನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಚೀಲ ಬಿಚ್ಚಿದರೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಗಾಡಿಯ ನಂಬರ್ ತಿರುವುಮುರುವಾಗಿ ಅಚ್ಚಾಗಿರುವುದನ್ನು ನೋಡಿದ್ದೇನೆ. ಆದ್ದರಿಂದ ಚೀಲ ಉಳಿಸಿ, ಆದರೆ ಕಾಗದವನ್ನು ಅದರೊಳಗೆ ಉಳಿಸಬೇಡಿ. ಎರಡನ್ನೂ ಬೇರೆ ಬೇರೆ ಇಡಿ. ಕಾಗದಕ್ಕೆ ಪಾಲಿಯೆಸ್ಟರ್ ಹಾಳೆಯ ಲಕೋಟೆ ಸಾಕು, ಅದರಿಂದ ಏನೂ ಜಿನುಗುವುದಿಲ್ಲ.

ರೆಕ್ಸಿನ್ನಿನ ಹೊಲಿಗೆ ಬಿಚ್ಚಿದ್ದರೆ ನಮ್ಮೂರಿನಷ್ಟು ಅನುಕೂಲ ಎಲ್ಲಿಯೂ ಇಲ್ಲ. ಜೀನ್ಸ್ ಹೊಲಿಯುವ ಊರು ನಮ್ಮದು, ದಪ್ಪ ಬಟ್ಟೆಗೆ ಸೂಜಿ, ದಾರ ಆರಿಸುವವರು ಓಣಿಗೊಬ್ಬರಿದ್ದಾರೆ. ಒಂದು ಪಾನಾ ಚೀಲದ ಹೊಲಿಗೆ ಮೂಲದ್ದೋ ಆಮೇಲಿನದೋ ಅಂತ ತಲೆ ಕೆಡಿಸಿಕೊಂಡು ಒಬ್ಬ ಟೇಲರ್ ಹತ್ತಿರ ಹೋದೆ. ಅವರು ಕನ್ನಡಕ ಮೇಲೇರಿಸಿ, ಬಿಡಿ ದಾರದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟರು. ಒಂದು ಕಡೆಯದು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಯಿತು. ಇನ್ನೊಂದು ಕಡೆಯದು ಕರಗಿ ಕಪ್ಪು ಮಣಿಯಾಯಿತು. "ಇದು ಹತ್ತಿ, ಇದು ಪಾಲಿಯೆಸ್ಟರ್. ಈ ಮೂಲಿ ಆಮ್ಯಾಲೆ ಯಾರೋ ಹೊಲದಾರ ನೋಡ್ರಿ" ಅಂದರು. ಅರ್ಧ ನಿಮಿಷದ ಕೆಲಸ. ಅವರೇ ಇನ್ನೊಂದು ಮಾತು ಕಲಿಸಿದರು. ಹಳೇ ರೆಕ್ಸಿನ್ನಿಗೆ ಮಷಿನ್ ಹೊಲಿಗೆ ಹಾಕಬಾರದು, ಸಾಲಾಗಿ ಹೊಸ ತೂತು ಬಿದ್ದು ಅಂಚೆ ಚೀಟಿಯಂತೆ ಹರಿದುಬರುತ್ತದೆ. ಹಳೇ ತೂತಿನಲ್ಲೇ ಕೈಸೂಜಿ ಹೋಗಬೇಕು. ಹೋಗಿ ನೋಡಿ, ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ.

ಕಳೆದುಹೋದ ಪುಟಗಳ ಬಗ್ಗೆ ಕೆಲವರು ಕೇಳಿದಿರಿ. ಬೇರೆಯವರ ಕೈಪಿಡಿಯಿಂದ ಸ್ಕ್ಯಾನ್ ಮಾಡಿ ಸೇರಿಸಿಕೊಳ್ಳಿ, ತಪ್ಪಿಲ್ಲ. ಆದರೆ ಪುಟದ ಅಡಿಯಲ್ಲಿ ಪೆನ್ಸಿಲ್‌ನಿಂದ "ಪ್ರತಿ" ಅಂತ ಬರೆದು ಇಸವಿ ಹಾಕಿ. ಮುಂದೆ ಈ ಗಾಡಿ ಕೊಳ್ಳುವವರಿಗೆ ಯಾವುದು ಮೂಲ, ಯಾವುದು ನೀವು ಸೇರಿಸಿದ್ದು ಅನ್ನುವುದು ತಿಳಿಯಬೇಕು. ಆರ್‌ಸಿ ವಿಷಯದಲ್ಲಿ ಇದೂ ನಡೆಯದು. ಅದು ಸರ್ಕಾರಿ ದಾಖಲೆ, ಅದರ ಮೇಲೆ ಒಂದು ಅಕ್ಷರ ತಿದ್ದುವುದು, ಮಾಸಿದ ಮುದ್ರೆಯನ್ನು ಮತ್ತೆ ಒತ್ತುವುದು ಅಪರಾಧ. ಮುಟ್ಟುವ ಮೊದಲು ಎಲ್ಲ ಪುಟಗಳ ಫೋಟೋ ತೆಗೆದಿಡಿ. ಪುಟ ಹಾಳಾಗಿದ್ದರೆ ಆರ್‌ಟಿಒ ಕಚೇರಿಯಿಂದ ಅಲ್ಲಿನ ನೋಂದಣಿ ದಾಖಲೆಯ ಪ್ರತಿಯಾದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ ಜೊತೆಗಿಡಿ.

ಇದರಲ್ಲಿ ಕೈಗೆ ಸಿಗುವ ಲಾಭವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ. ಚಾಸಿ, ಬಾಡಿ, ಎಂಜಿನ್ನು ಮೂಲರೂಪದಲ್ಲಿರಬೇಕು. ಈಗಾಗಲೇ ನೋಂದಣಿಯಾದ ಗಾಡಿಗೆ ಅರ್ಜಿಯ ಜೊತೆ ಹಳೇ ಆರ್‌ಸಿ ಕೊಡಬೇಕು, ಹೊರದೇಶದಿಂದ ಬಂದ ಗಾಡಿಗಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ. ಪಂಚೆಯ ಗಂಟಿನಲ್ಲಿ ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದ ಕಾಗದ ಆವತ್ತು ಕೆಲಸಕ್ಕೆ ಬರುತ್ತದೆ.

ತೀರಾ ಹಾಳಾದದ್ದನ್ನು, ಪುಡಿಪುಡಿಯಾಗುತ್ತಿರುವುದನ್ನು ನಾನೂ ಮುಟ್ಟುವುದಿಲ್ಲ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಲಕ್ನೋದ ರಾಷ್ಟ್ರೀಯ ಪ್ರಯೋಗಾಲಯದ ಶಾಖೆ. ಅಂಥ ಕಾಗದ ಇದ್ದರೆ ಮೊದಲು ಅಲ್ಲಿ ಕೇಳಿ.

ಮಾತು ಮುಗಿಸುವಾಗ ಗಂಗಾವತಿಯ ಅಕ್ಕಿ ಗಿರಣಿಯ ಹಿರಿಯರೊಬ್ಬರು ಮುಂದೆ ಬಂದು ಒಂದು ಕಟ್ಟು ಕೊಟ್ಟರು. ಅವರ ತಂದೆಯ ಅಂಬಾಸಿಡರಿನ ಕಾಗದ, ಮೂರು ಮಡಿಕೆ, ಸೆಕೆಗೆ ಒಂದಕ್ಕೊಂದು ಅಂಟಿ ಹಪ್ಪಳದಂತಾಗಿತ್ತು. ಅಲ್ಲೇ ಬಿಡಿಸಿ ತೋರಿಸಿ ಅಂದರು. ಬಾಗಿಲ ಹೊರಗೆ ಬಿಸಿಗಾಳಿ ಬೀಸುತ್ತಿತ್ತು, ಅಂಥ ಒಣ ಹವೆಯಲ್ಲಿ ಮಡಿಕೆ ಎಳೆದರೆ ಮುರಿಯುತ್ತದೆ. ಮೇಲಿನ ಪದರಿನ ಅಂಚಿನಲ್ಲಿ ಮೈಸೂರು ಅನ್ನುವ ಮುದ್ರೆಯ ಅರ್ಧ, ಕೆಳಗೆ ನೀಲಿ ಮಸಿಯ ಒಂದು ಸಹಿ ಮಾತ್ರ ಕಾಣುತ್ತಿತ್ತು. ಅವರು "ಅದು ಅಪ್ಪಂದೇ ಸಹಿ" ಅಂದರು. ಕಟ್ಟನ್ನು ಒತ್ತುಕಾಗದದ ನಡುವೆ ಇಟ್ಟು, ಹಾಗೇ ಮನೆಗೆ ತಂದಿದ್ದೇನೆ. ಶ್ರಾವಣದಲ್ಲಿ ಗಾಳಿಗೆ ತೇವ ಬರುತ್ತದೆ, ಕಾಗದ ತಾನಾಗಿ ಮೆತ್ತಗಾಗುತ್ತದೆ. ಅವರೂ ಆಗ ಬರುತ್ತೇನೆ ಅಂದಿದ್ದಾರೆ, ಇಬ್ಬರೂ ಕೂತು ಬಿಡಿಸುತ್ತೇವೆ.